ಬ್ಯಾಂಕ್ ಪರೀಕ್ಷೆಯ ಗಣಿತ: ಸಮಯ ಸಾಕಾಗದ ತೊಂದರೆ ನನಗೆ ಹೀಗೆ ಬಗೆಹರಿಯಿತು

ಐಬಿಪಿಎಸ್ (ಬ್ಯಾಂಕ್ ಸಿಬ್ಬಂದಿ ಆಯ್ಕೆ ಸಂಸ್ಥೆ) ನಡೆಸುವ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ ಗಣಿತಕ್ಕೆ 35 ಪ್ರಶ್ನೆ, 20 ನಿಮಿಷ. ಒಂದಕ್ಕೆ 35 ಸೆಕೆಂಡೂ ಸಿಗುವುದಿಲ್ಲ. ನನಗೆ ಲೆಕ್ಕ ಬರುತ್ತಿತ್ತು. ಆದರೆ ಅಭ್ಯಾಸಕ್ಕೆಂದು ಬರೆಯುವ ಮಾಕ್ ಟೆಸ್ಟ್‌ನಲ್ಲಿ ಅರ್ಧ ಮುಟ್ಟುವಷ್ಟರಲ್ಲಿ ಟೈಮ್ ಮುಗಿಯುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ನೆರವಾಗಿದ್ದು, ಶೇಕಡಾವನ್ನು ಭಿನ್ನರಾಶಿಯಾಗಿ ಬಾಯಿಪಾಠ ಮಾಡಿದ್ದು. 12.5% ಅಂದರೆ 1/8. 37.5% ಅಂದರೆ 3/8. 648ರ 37.5% ಎಷ್ಟು? ಉದ್ದದ ಗುಣಾಕಾರಕ್ಕೆ ಇಳಿಯಬೇಡಿ. 8ರಿಂದ ಭಾಗಿಸಿದರೆ 81, ಅದರ ಮೂರರಷ್ಟು 243. ಪೆನ್ನೇ ಬೇಡ, ಅಲ್ವಾ? ಲಾಭ-ನಷ್ಟ, ಬಡ್ಡಿ, ಡೇಟಾ ಇಂಟರ್‌ಪ್ರಿಟೇಶನ್ (ಕೋಷ್ಟಕ, ಗ್ರಾಫ್ ನೋಡಿ ಲೆಕ್ಕ ಮಾಡುವುದು), ಎಲ್ಲದರ ಒಳಗೂ ಕೂತಿರುವುದು ಈ ಶೇಕಡಾನೇ. ಜೊತೆಗೆ 30ರವರೆಗಿನ ವರ್ಗಗಳನ್ನೂ ಕಲಿತೆ.

ಆಮೇಲೆ ಪ್ರಶ್ನೆಗಳ ಸರದಿ ಬದಲಿಸಿದೆ. ಮೊದಲು ಸರಳೀಕರಣ, ನಂತರ ಸಂಖ್ಯಾ ಸರಣಿ. 7, 8, 18, 57 ನೋಡಿ. 1ರಿಂದ ಗುಣಿಸಿ 1 ಕೂಡಿಸಿ, 2ರಿಂದ ಗುಣಿಸಿ 2 ಕೂಡಿಸಿ, ಹೀಗೇ ಸಾಗುತ್ತದೆ. ಮುಂದಿನದು 232. ದೋಣಿ, ರೈಲು, ಕೆಲಸ-ಕಾಲದ ಉದ್ದುದ್ದ ಪ್ರಶ್ನೆಗಳು ಕೊನೆಗೆ.

ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಸುಮ್ನೆ ಊಹಿಸಿ ಉತ್ತರ ಒತ್ತಬೇಡಿ. ಮಾಕ್ ಮುಗಿದ ಮೇಲೆ ಸ್ಕೋರ್ ನೋಡುತ್ತಾ ಕೂರುವ ಬದಲು, ಸಮಯ ನುಂಗಿದ ಪ್ರಶ್ನೆಗಳನ್ನು ಮಾರನೇ ದಿನ ಮತ್ತೆ ಬಿಡಿಸಿ ನೋಡಿ.