ಕರೆಂಟ್ ಹೋಗಿ ಬಂದರೂ ಈಗ ಸಿಂಕ್‌ಥಿಂಗ್ ತಾನೇ ಏಳುತ್ತದೆ

ಮನೆಯ ಮೂಲೆಯಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ ಫೋನಿನ ಫೋಟೋಗಳು ಬಂದು ಸೇರಲಿ ಅಂತ, ಸಾಧನಗಳ ನಡುವೆ ಫೈಲ್ ಸಿಂಕ್ ಮಾಡುವ ಸಿಂಕ್‌ಥಿಂಗ್ ಹಾಕಿದ್ದೆ. ಅದನ್ನು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಅಡ್ಮಿನ್ ಖಾತೆಯಲ್ಲಿ, ಓಡಿಸುವುದು ಬೇಡ, ನನ್ನ ಯೂಸರ್ ಹೆಸರಲ್ಲೇ ಓಡಲಿ ಅನ್ನುವುದು ನನ್ನ ಹಟ. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಸತ್ತು ಬಿದ್ದಿರುತ್ತಿತ್ತು.

ಮೊದಲು ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ನಲ್ಲಿ, ಪೈ ಆನ್ ಆದಾಗಲೆಲ್ಲ ಸಿಂಕ್‌ಥಿಂಗ್ ಶುರು ಮಾಡು ಅನ್ನುವ ರೀಬೂಟ್ ಸಾಲು ಹಾಕಿ ನೋಡಿದೆ. ಏಳಲಿಲ್ಲ. ಕ್ರಾನ್‌ನ ಪಾತ್, ಅಂದರೆ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ, ತುಂಬಾ ಗಿಡ್ಡ; ಸಿಂಕ್‌ಥಿಂಗ್ ಇರುವ ನನ್ನ ಹೋಮ್ ಫೋಲ್ಡರ್‌ನ ಬಿನ್ ಅದಕ್ಕೆ ಕಾಣಿಸುವುದೇ ಇಲ್ಲ. ಪೂರ್ತಿ ಪಾತ್ ಕೊಟ್ಟ ಮೇಲೆ ಎದ್ದಿತು. ಆದರೆ ನಡುವೆ ಕ್ರ್ಯಾಶ್ ಆದರೆ ಮತ್ತೆ ಎಬ್ಬಿಸುವವರು ಯಾರು?

ಹಾಗಾಗಿ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ನನ್ನ ಹೆಸರಲ್ಲೇ ಓಡುವ ಯೂಸರ್ ಸರ್ವಿಸ್ ಬರೆದೆ, ಬಿದ್ದರೆ ಮತ್ತೆ ಎಬ್ಬಿಸಲು ರೀಸ್ಟಾರ್ಟ್ ಸಾಲೂ ಸೇರಿಸಿದೆ. ಇಲ್ಲೂ ಎಡವಿದೆ. ಸಿಸ್ಟಮ್ ಸರ್ವಿಸ್ ಫೈಲಿನಿಂದ ಕಾಪಿ ಹೊಡೆದಿದ್ದರಿಂದ ಸರ್ವಿಸ್ ಯಾವ ಹಂತದಲ್ಲಿ (ಟಾರ್ಗೆಟ್) ಶುರುವಾಗಬೇಕು ಅಂತ ಹೇಳುವ ವಾಂಟೆಡ್‌ಬೈ ಮುಂದೆ ಮಲ್ಟಿ-ಯೂಸರ್ ಟಾರ್ಗೆಟ್ ಇತ್ತು. ಯೂಸರ್ ಕಡೆ ಅಂಥ ಟಾರ್ಗೆಟ್ಟೇ ಇಲ್ಲ! ಡೀಫಾಲ್ಟ್ ಟಾರ್ಗೆಟ್ ಅಂತ ತಿದ್ದಿ ಮತ್ತೆ ಎನೇಬಲ್ ಮಾಡಿದೆ.

ಆಮೇಲೆ ನಡೆದದ್ದೇ ತಮಾಷೆ. ಎಸ್‌ಎಸ್‌ಎಚ್ ಮಾಡಿ, ಅಂದರೆ ಬೇರೆ ಕಂಪ್ಯೂಟರಿನಿಂದ ಪೈಗೆ ಲಾಗಿನ್ ಆಗಿ, ಒಳಗೆ ಹೋಗಿ ನೋಡಿದರೆ ಸರ್ವಿಸ್ ಚೆನ್ನಾಗಿ ಓಡುತ್ತಿರುತ್ತಿತ್ತು. ಹೊರಗೆ ಬಂದರೆ ಫೋಟೋ ಸಿಂಕ್ ನಿಲ್ಲುತ್ತಿತ್ತು. ನಾನು ನೋಡಲು ಹೋಗುವುದೇ ಅದನ್ನು ಎಬ್ಬಿಸುತ್ತಿತ್ತು ಅಲ್ವಾ! ಯೂಸರ್ ಸರ್ವಿಸ್‌ಗಳು ಲಾಗಿನ್ ಆದಾಗ ಶುರುವಾಗಿ, ಕೊನೆಯ ಸೆಷನ್ ಮುಗಿದಾಗ ನಿಲ್ಲುತ್ತವೆ.

ಮದ್ದು ಒಂದೇ ಸಾಲು: ಸುಡೊ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್, ಮುಂದೆ ಯೂಸರ್ ಹೆಸರು. ಸುಡೊ, ಅಂದರೆ ರೂಟ್ ಅಧಿಕಾರ, ಬೇಕಾಗಿದ್ದು ಆ ಒಂದೇ ಸಲ. ಅದು ಸಿಸ್ಟಮ್‌ಡಿಯ ಲಿಂಗರ್ ಫೋಲ್ಡರ್‌ನಲ್ಲಿ ನನ್ನ ಹೆಸರಿನ ಒಂದು ಖಾಲಿ ಫೈಲ್ ಇಡುತ್ತದೆ; ಆ ಫೈಲ್ ಇದ್ದರೆ ನಾನು ಲಾಗಿನ್ ಆಗದಿದ್ದರೂ ಪೈ ಆನ್ ಆದಾಗಲೇ ನನ್ನ ಸರ್ವಿಸ್‌ಗಳು ಏಳುತ್ತವೆ. ಪ್ಲಗ್ ಕಿತ್ತು ಮತ್ತೆ ಹಾಕಿದೆ, ಲಾಗಿನ್ ಆಗದೆ ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಪೈ ಕನೆಕ್ಟ್ ಆಗಿದೆ ಅಂತ ತೋರಿಸಿತು.