ಕೋಡ್ ಓದಿದ ಮೇಲೆ ಶುರುವಾಗುವ ಕೆಲಸ: ಗ್ಯಾರೇಜಿನಲ್ಲಿ ದೋಷಪತ್ತೆ ಕಲಿತು ಕಲಿಸಿದ ನನ್ನ ಅನುಭವ

ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಬಹಳಷ್ಟು, ಅದಾಗಲೇ ಬೇರೆ ಕಡೆ ಒಂದೆರಡು ಸೆನ್ಸರ್ ಬದಲಾಯಿಸಿಕೊಂಡು, ಆದರೂ ಚೆಕ್ ಇಂಜಿನ್ ದೀಪ ಆರದೆ ಬಂದಂಥವು. ಮಾಲೀಕರ ಕೈಯಲ್ಲಿ ಹಳೆಯ ಬಿಲ್ಲುಗಳಿರುತ್ತವೆ, ಬಿಲ್ಲಿನಲ್ಲಿ ಬಿಡಿಭಾಗಗಳ ಹೆಸರುಗಳಿರುತ್ತವೆ. ಆ ಭಾಗ ಕೆಟ್ಟಿದೆಯೆಂದು ಯಾವ ಅಳತೆಯಿಂದ ತಿಳಿಯಿತು ಎಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 4 ನಿಯಮ 2017ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಅನ್ವಯವಾಗಿ, ಅದರ ಬೆನ್ನಿಗೇ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ, ಗಾಡಿಯೊಳಗಿನ ಸೆನ್ಸರ್‌ಗಳೂ ಕಂಟ್ರೋಲ್ ಯೂನಿಟ್‌ಗಳೂ ಹೆಚ್ಚಿದವು, ಸಣ್ಣ ಊರಿನ ಗ್ಯಾರೇಜುಗಳೂ ದೋಷದ ಕೋಡ್ ಓದುವ ಸ್ಕ್ಯಾನರ್ ಕೊಂಡವು. ಆದರೆ ಸ್ಕ್ಯಾನರ್ ತೋರಿಸಿದ್ದನ್ನು ಪರೀಕ್ಷಿಸಿ ನೋಡುವ ವಿದ್ಯೆ ಅದರ ಪೆಟ್ಟಿಗೆಯೊಳಗೆ ಬರುವುದಿಲ್ಲ. ಅದನ್ನು ನಾನು ಹೇಗೆ ಕಲಿತೆ, ಈಗ ನನ್ನಲ್ಲಿಯ ಹಾಗೂ ಅಕ್ಕಪಕ್ಕದ ಗ್ಯಾರೇಜುಗಳ ಹುಡುಗರಿಗೆ ಹೇಗೆ ಕಲಿಸುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಐಟಿಐಯಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕೋರ್ಸ್ ಮುಗಿಸಿ, ಕೆಲ ವರ್ಷ ಒಂದು ಡೀಲರ್ ವರ್ಕ್‌ಶಾಪಿನಲ್ಲಿ ದುಡಿದು, ಆಮೇಲೆ ಸ್ವಂತ ಗ್ಯಾರೇಜು ತೆರೆದವನು ನಾನು. ಡೀಲರ್ ಬಳಿ ಇದ್ದಾಗ ಕಂಪನಿಯವರು ಕೊಟ್ಟ ತರಬೇತಿ ಒಳ್ಳೆಯದೇ ಆಗಿತ್ತು. ಆದರೆ ಅದು ಅವರ ಗಾಡಿಗೆ, ಅವರ ಸ್ಕ್ಯಾನರ್‌ಗೆ, ಅವರ ಹಂತಪಟ್ಟಿಗೆ ಸೀಮಿತವಾಗಿತ್ತು. ಎಲ್ಲ ಕಂಪನಿಯ ಗಾಡಿಗಳೂ ಬಾಗಿಲಿಗೆ ಬರತೊಡಗಿದಾಗ ಹಂತಪಟ್ಟಿ ಕೈಕೊಡುತ್ತದೆ, ಸರ್ಕಿಟ್ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯೊಂದೇ ಉಳಿಯುತ್ತದೆ. ಅದಕ್ಕಾಗಿ ವೈರಿಂಗ್ ಡಯಾಗ್ರಾಂ ಓದುವುದನ್ನು ಮೊದಲಿನಿಂದ ಕಲಿತೆ, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ, ಎರಡು ಚಾನೆಲ್ಲಿನ ಸಾಧಾರಣ ಸ್ಕೋಪ್ ಒಂದನ್ನು ಕೊಂಡೆ, ಸರಿಯಾಗಿ ಓಡುವ ಗಾಡಿಗಳ ಮೇಲೆಯೇ ಅದನ್ನು ಹಚ್ಚಿ ಹಚ್ಚಿ ನೋಡಿದೆ. ಕೆಟ್ಟ ಗಾಡಿ ಮುಂದಿರುವಾಗ ಉಪಕರಣ ಕಲಿಯಲು ಹೊರಟರೆ ಗಾಡಿಯ ದೋಷ ಯಾವುದು, ನಮ್ಮ ಕೈಯ ದೋಷ ಯಾವುದು ಎಂದು ತಿಳಿಯುವುದಿಲ್ಲ.

ಹುಡುಗರಿಗೆ ನಾನು ಮೊದಲು ಹೇಳುವುದು ಕೋಡ್ ಎಂದರೇನು ಎಂಬುದನ್ನು. ಪಿ0171 ಎಂದು ಬಂದರೆ ಇಂಜಿನ್ನಿನ ಒಂದನೇ ಬ್ಯಾಂಕಿನ, ಅಂದರೆ ಒಂದನೇ ಸಿಲಿಂಡರ್ ಇರುವ ಸಾಲಿನ, ಮಿಶ್ರಣದಲ್ಲಿ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ, ಇಸಿಎಂ, ಅಂದರೆ ಇಂಜಿನ್ನನ್ನು ನಡೆಸುವ ಕಂಟ್ರೋಲ್ ಯೂನಿಟ್, ಪೆಟ್ರೋಲ್ ಹೆಚ್ಚಿಸಿ ಅದನ್ನು ಸರಿದೂಗಿಸಲು ಹೋಗಿ ತನ್ನ ಮಿತಿ ಮುಟ್ಟಿದೆ ಎಂದಷ್ಟೇ ಅರ್ಥ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಆ ಕೋಡ್ ಹೇಳುವುದಿಲ್ಲ. ಎಷ್ಟೋ ಸಲ ಆ ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದಲೇ ಕೋಡ್ ಬಂದಿರುತ್ತದೆ. "ಸರ್, ಕೋಡ್ ಬಂದೈತ್ರಿ, ಸೆನ್ಸರ್ ಬದಲಿ ಮಾಡೋಣೇನ್ರೀ?" ಎಂದು ಹೊಸಬರು ಕೇಳಿದಾಗ ನಾನು ಅವರಿಂದ ಫ್ಯುಯೆಲ್ ಟ್ರಿಮ್, ಅಂದರೆ ಇಸಿಎಂ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬ ಅಂಕಿಯನ್ನು, ಓದಿಸುತ್ತೇನೆ. ಐಡಲ್‌ನಲ್ಲಿ ಟ್ರಿಮ್ ಶೇ. 20ರಷ್ಟು ಏರಿದ್ದು, 2500 ಆರ್‌ಪಿಎಂಗೆ ಎತ್ತಿದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ: ಇಂಜಿನ್ ಕಡಿಮೆ ಗಾಳಿ ಎಳೆಯುವಾಗ ಆ ಸೋರಿಕೆಯ ಪಾಲು ದೊಡ್ಡದು, ಹೆಚ್ಚು ಎಳೆಯುವಾಗ ಚಿಕ್ಕದು. ಅದಕ್ಕೆ ಬದಲಾಗಿ ಲೋಡ್ ಹೆಚ್ಚಿದಂತೆಲ್ಲ ಟ್ರಿಮ್ ಕೂಡ ಏರುತ್ತ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕಡಿಮೆ ಲೆಕ್ಕ ಕೊಡುತ್ತಿದೆ. ಒಂದು ಸ್ಪ್ಯಾನರ್ ಮುಟ್ಟದೆ, ಬಾನೆಟ್ಟನ್ನೂ ಎತ್ತದೆ ಹುಡುಕಾಟದ ದಿಕ್ಕು ಇಷ್ಟರಿಂದಲೇ ನಿರ್ಧಾರವಾಗುತ್ತದೆ.

ಪಾಠಗಳು ಗ್ಯಾರೇಜಿನಲ್ಲಿಯೇ, ಸಂಜೆ ಕೆಲಸ ಮುಗಿದ ಮೇಲೆ ನಡೆಯುತ್ತವೆ. ಅದಕ್ಕೆಂದೇ ಒಂದು ಹಳೆಯ ಪೆಟ್ರೋಲ್ ಕಾರನ್ನು ಇಟ್ಟುಕೊಂಡಿದ್ದೇನೆ. ಅದರ ವೈರಿಂಗ್‌ಗೆ ಹೊರಗೆ ಕಾಣದಂತೆ ದೋಷಗಳನ್ನು ಸೇರಿಸಿ ಹುಡುಗರ ಕೈಗೆ ಕೊಡುತ್ತೇನೆ. ನಿಯಮ ಒಂದೇ: ಮೀಟರ್ ಹಚ್ಚುವ ಮೊದಲು ಯಾವ ಜಾಗದಲ್ಲಿ ಅಳೆಯುತ್ತೀರಿ, ಎಷ್ಟು ಬರಬೇಕು, ಬಾರದಿದ್ದರೆ ಮುಂದೆ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಹಾಳೆಯ ಮೇಲೆ ಬರೆಯಬೇಕು. ಬರೆಯುವುದೆಂದರೆ ಕೈಕೆಲಸದವರಿಗೆ ಬೇಸರ, ಮೊದಮೊದಲು ಎಲ್ಲರೂ ತಪ್ಪಿಸಿಕೊಳ್ಳಲು ನೋಡುತ್ತಾರೆ. ಆದರೂ ನಾನು ಇದನ್ನು ಬಿಟ್ಟುಕೊಡುವುದಿಲ್ಲ, ಏಕೆಂದರೆ ಎಷ್ಟು ಬರಬೇಕು ಎಂದು ಮೊದಲೇ ತಿಳಿಯದವನಿಗೆ ಮೀಟರ್ ತೋರಿಸುವ ಯಾವ ಅಂಕಿಯೂ ಸರಿಯಾಗಿಯೇ ಕಾಣುತ್ತದೆ.

ಅತಿ ಹೆಚ್ಚು ಸಮಯ ಕೊಡುವುದು ವೋಲ್ಟೇಜ್ ಡ್ರಾಪ್, ಅಂದರೆ ಕರೆಂಟ್ ಹರಿಯುವಾಗ ದಾರಿಯಲ್ಲಿ ವೋಲ್ಟ್ ಕಳೆದುಹೋಗುವುದು, ಎಂಬ ಒಂದೇ ವಿಷಯಕ್ಕೆ. ಫ್ಯುಯೆಲ್ ಪಂಪಿನ ವೈರಿನಲ್ಲಿ ಐದು ಓಮ್‌ನ ದಪ್ಪ ರೆಸಿಸ್ಟರ್ ಒಂದನ್ನು ಸೇರಿಸುತ್ತೇನೆ. ಪಂಪ್ ಓಡುವುದಿಲ್ಲ. ಹುಡುಗ ಪಂಪಿಗೆ ವೈರ್ ಜೋಡಿಸುವ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯುತ್ತಾನೆ, 12 ವೋಲ್ಟ್ ಪೂರ್ತಿ ಕಾಣುತ್ತದೆ, ಕರೆಂಟ್ ಬರುತ್ತಿದೆ, ಪಂಪೇ ಹೋಗಿದೆ ಎಂದು ತೀರ್ಮಾನಿಸುತ್ತಾನೆ. ಆಗ ಅದೇ ಕಪ್ಲರ್‌ಗೆ 21 ವಾಟಿನ ಬಲ್ಬ್ ಜೋಡಿಸಿ ಅಳೆಯಲು ಹೇಳುತ್ತೇನೆ. ಬಲ್ಬ್ ಮಂಕಾಗಿ ಉರಿಯುತ್ತದೆ, ಮೀಟರಿನ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಕಾಲುವೆಯ ತೂಬಿನಲ್ಲಿ ಕಸ ಕಟ್ಟಿಕೊಂಡಿದ್ದರೂ ನೀರು ನಿಂತಿರುವಾಗ ಎರಡೂ ಕಡೆಯ ಮಟ್ಟ ಒಂದೇ ಇರುತ್ತದೆ, ನೀರು ಹರಿಯತೊಡಗಿದಾಗಲೇ ತಡೆ ಎಲ್ಲಿದೆಯೆಂದು ತಿಳಿಯುವುದು. ವೈರಿನ ಮಾತೂ ಇದೇ. ಡಿಜಿಟಲ್ ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ ಅದು ಎಳೆಯುವ ಕರೆಂಟ್ ಏನೇನೂ ಅಲ್ಲ. ಒಂದೇ ಎಳೆಯ ಮೇಲೆ ನಿಂತಿರುವ ವೈರಿನಲ್ಲಿಯೂ ಅದು 12 ವೋಲ್ಟ್ ಓದುತ್ತದೆ. ಸೆಲ್ಫ್ ಹೊಡೆಯುವಾಗ ಇಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯುವುದನ್ನೂ ಇದರ ಜೊತೆಗೇ ಕಲಿಸುತ್ತೇನೆ. ಅಲ್ಲಿ 0.2 ವೋಲ್ಟಿಗಿಂತ ಬಹಳ ಹೆಚ್ಚು ಬಂದರೆ ಬ್ಯಾಟರಿಯನ್ನೋ ಸೆಲ್ಫ್ ಮೋಟರನ್ನೋ ದೂರುವ ಮೊದಲು ಅರ್ಥ್ ಕೇಬಲ್ ಬಿಚ್ಚಿ ನೋಡಬೇಕು.

ಈ ಅಡಿಪಾಯ ಗಟ್ಟಿಯಾದವನಿಗೆ ಕಷ್ಟದ ದೋಷಗಳೂ ಹತೋಟಿಗೆ ಬರುತ್ತವೆ. ಒಮ್ಮೆ ಥ್ರಾಟಲ್, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಆಕ್ಸಿಲರೇಟರ್ ಪೆಡಲ್ ಮೂರಕ್ಕೂ ಒಟ್ಟಿಗೆ ಕೋಡ್ ಬಂದ ಕಾರು ಬಂದಿತ್ತು. ಇಸಿಎಂ ಬದಲಾಯಿಸಬೇಕೆಂದು ಯಾರೋ ಮಾಲೀಕರಿಗೆ ಹೇಳಿದ್ದರು. ನನ್ನಲ್ಲಿ ಕಲಿಯುತ್ತಿದ್ದ ಹುಡುಗ ಡಯಾಗ್ರಾಂ ಬಿಡಿಸಿಟ್ಟುಕೊಂಡು, ಈ ಮೂರಕ್ಕೂ ಸಮಾನವಾದದ್ದು ಏನು ಎಂದು ಹುಡುಕಿದ. ಸೆನ್ಸರ್‌ಗಳು ಕೆಲಸ ಮಾಡಲು ಇಸಿಎಂ ಕೊಡುವ 5 ವೋಲ್ಟಿನ ರೆಫರೆನ್ಸ್ ಮೂರಕ್ಕೂ ಒಂದೇ ಮೂಲದಿಂದ ಹೋಗುತ್ತಿತ್ತು. ಅಳೆದರೆ ಅಲ್ಲಿ ಒಂದು ವೋಲ್ಟೂ ಇರಲಿಲ್ಲ. ಆ ಸಾಲಿನಲ್ಲಿರುವ ಸೆನ್ಸರ್‌ಗಳ ಕಪ್ಲರ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ ಎಸಿ ಪ್ರೆಶರ್ ಸೆನ್ಸರಿನದನ್ನು ಕಳಚಿದ ಕೂಡಲೇ 5 ವೋಲ್ಟ್ ಮರಳಿತು. ಕೋಡ್ ಬಂದ ಮೂರರಲ್ಲಿ ಒಂದೂ ಕೆಟ್ಟಿರಲಿಲ್ಲ. ಒಳಗೆ ಶಾರ್ಟ್ ಆಗಿ ಎಲ್ಲವನ್ನೂ ಎಳೆದು ಹಾಕಿದ್ದ ಸೆನ್ಸರಿನ ಹೆಸರು ಕೋಡುಗಳ ಪಟ್ಟಿಯಲ್ಲಿ ಇರಲೇ ಇಲ್ಲ.

ಮಲೆನಾಡಿನ ಕಡೆಯಿಂದ, ಅಂದರೆ ಶಿರಸಿ, ಯಲ್ಲಾಪುರಗಳಿಂದ ಬರುವ ಗಾಡಿಗಳಲ್ಲಿ ಮಳೆಗಾಲದ ತೇವವೂ ಇಲಿಯ ಹಲ್ಲೂ ವೈರಿಂಗ್‌ಗೆ ಶತ್ರುಗಳು. ಸ್ಕ್ಯಾನರ್ ಇಸಿಎಂ ಜೊತೆ ಮಾತನ್ನೇ ಆಡದಿದ್ದಾಗ ಅಥವಾ ಯು0100ರಂಥ ಸಂಪರ್ಕದ ಕೋಡ್ ಬಂದಾಗ ಎಲ್ಲಿಂದ ಆರಂಭಿಸಬೇಕೆಂಬುದನ್ನು ಈ ಗಾಡಿಗಳ ಮೇಲೆಯೇ ಕಲಿಸುತ್ತೇನೆ. ಬಾಶ್ ಕಂಪನಿ 1986ರಲ್ಲಿ ಜಗತ್ತಿಗೆ ಪರಿಚಯಿಸಿದ, ಗಾಡಿಯ ಕಂಟ್ರೋಲ್ ಯೂನಿಟ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಜಾಲದಲ್ಲಿ ಎರಡು ವೈರುಗಳು ಒಟ್ಟಿಗೆ ಹೆಣೆದುಕೊಂಡು ಹೋಗುತ್ತವೆ, ಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಜಾಲ ಎಲ್ಲೋ ತುಂಡಾಗಿದೆ ಇಲ್ಲವೇ ಒಂದು ತುದಿಯ ಯೂನಿಟ್ ಕಳಚಿಕೊಂಡಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ. ಕೆಲವು ಹೊಸ ಗಾಡಿಗಳಲ್ಲಿ ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ಸಂದೇಶ ದಾಟಿಸುವ ಗೇಟ್‌ವೇ ಯೂನಿಟ್ ಇರುವುದರಿಂದ ಈ ಅಳತೆಯನ್ನು ಒಳಗಿನ ಕಪ್ಲರಿನಲ್ಲಿಯೇ ತೆಗೆಯಬೇಕಾಗುತ್ತದೆ. ಅದಕ್ಕೇ ಮೊದಲು ಡಯಾಗ್ರಾಂ, ಆಮೇಲೆ ಮೀಟರ್.

ಸ್ಕೋಪ್ ಕೈಗೆ ಬಂದ ಮೇಲೆ ಹುಡುಗರ ಕಣ್ಣು ಅರಳುವುದು ಕಂಪ್ರೆಶನ್ ಪರೀಕ್ಷೆಯಲ್ಲಿ. ಬ್ಯಾಟರಿ ಕೇಬಲ್ಲಿಗೆ ಕರೆಂಟ್ ಕ್ಲಾಂಪ್ ಹಾಕಿ, ಇಂಜಿನ್ ಶುರುವಾಗದಂತೆ ಇಂಜೆಕ್ಟರ್ ಕಪ್ಲರ್ ಕಳಚಿ ಸೆಲ್ಫ್ ಹೊಡೆದರೆ, ಪ್ರತಿ ಸಿಲಿಂಡರ್ ಗಾಳಿ ಒತ್ತುವಾಗಲೂ ಸೆಲ್ಫ್ ಮೋಟರ್ ಹೆಚ್ಚು ಕರೆಂಟ್ ಎಳೆಯುವುದು ಪರದೆಯ ಮೇಲೆ ಉಬ್ಬುಗಳಾಗಿ ಕಾಣುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಉಬ್ಬು ಮಾತ್ರ ತಗ್ಗಿದ್ದರೆ ಆ ಸಿಲಿಂಡರಿನ ಒತ್ತಡ ಸೋರುತ್ತಿದೆ. ಇನ್ನೊಂದು ಚಾನೆಲ್ಲಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನ ಸ್ಥಾನ ತಿಳಿಸುವ ಕ್ಯಾಮ್ ಸೆನ್ಸರಿನ ಸಿಗ್ನಲ್ ಇಟ್ಟುಕೊಂಡರೆ ಅದು ಯಾವ ಸಿಲಿಂಡರ್ ಎಂಬುದೂ ಸಿಗುತ್ತದೆ. ಸಿಲಿಂಡರುಗಳು ಮಿಸ್ ಹೊಡೆಯುತ್ತಿವೆ ಎನ್ನುವ ಪಿ0300 ಕೋಡಿಗೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದೇ ಬದಲಾಯಿಸುತ್ತ ಹೋಗುವುದು ಈ ಒಂದು ಚಿತ್ರದಿಂದ ನಿಲ್ಲುತ್ತದೆ. ಕ್ಯಾಮ್ ಮತ್ತು ಕ್ರ್ಯಾಂಕ್ ಸಿಗ್ನಲ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಟೈಮಿಂಗ್ ಚೈನ್ ಸಡಿಲಾಗಿರುವುದನ್ನೂ ಕವರ್ ಬಿಚ್ಚುವ ಮೊದಲೇ ಹೇಳಬಹುದು, ಆದರೆ ಹೋಲಿಸಲು ಸರಿಯಾಗಿರುವ ಅದೇ ಮಾದರಿಯ ಚಿತ್ರ ಬೇಕು. ಆದ್ದರಿಂದ ಬರೀ ಆಯಿಲ್ ಬದಲಿಸಲು ಬಂದ ಆರೋಗ್ಯವಂತ ಗಾಡಿಗಳಿಂದಲೂ, ಮಾಲೀಕರನ್ನು ಕೇಳಿ, ಈ ಚಿತ್ರಗಳನ್ನು ತೆಗೆದು ಮಾದರಿ ಮತ್ತು ವರ್ಷದ ಹೆಸರಿನಲ್ಲಿ ಉಳಿಸುವುದು ನಮ್ಮಲ್ಲಿ ಪದ್ಧತಿಯಾಗಿದೆ. ನನ್ನ ಗ್ಯಾರೇಜಿನ ನಿಜವಾದ ಆಸ್ತಿ ಈ ಸಂಗ್ರಹವೆಂದು ನಾನು ನಂಬಿದ್ದೇನೆ.

ಡೀಸೆಲ್ ವಿಷಯಕ್ಕೆ ಬಂದರೆ ಹಳೆಯ ಮೇಸ್ತ್ರಿಗಳಿಗೆ ಕಲಿಸುವುದಕ್ಕಿಂತ ಮರೆಸುವುದು ಮುಖ್ಯ. ಬೆಂಗಳೂರಿನ ಮೈಕೋ ಕಂಪನಿಯ ಪಂಪುಗಳ ಮೇಲೆಯೇ ನಮ್ಮ ಭಾಗದ ಡೀಸೆಲ್ ವಿದ್ಯೆ ಬೆಳೆದದ್ದು, ಆ ಮೇಸ್ತ್ರಿಗಳ ಕಿವಿಯ ಸೂಕ್ಷ್ಮತೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಅವರು ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರಿನ ಪೈಪ್ ನಟ್ ಸಡಿಲಿಸಿ, ಸದ್ದು ಬದಲಾಗದ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ಕಂಡುಹಿಡಿಯುತ್ತಿದ್ದರು. ಎಲ್ಲ ಇಂಜೆಕ್ಟರುಗಳಿಗೂ ರೈಲ್ ಎಂಬ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ರೈಲಿನ ಒತ್ತಡ ಲೋಡ್ ಇದ್ದಾಗ 1600 ಬಾರ್ ಮತ್ತು ಅದಕ್ಕೂ ಮೀರಿ ಹೋಗುತ್ತದೆ. ಆ ಒತ್ತಡದ ಸಣ್ಣ ಧಾರೆ ಚರ್ಮ ಸೀಳಿ ಡೀಸೆಲನ್ನು ಮಾಂಸದೊಳಗೆ ನುಗ್ಗಿಸುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ತಡವಾದರೆ ಬೆರಳೋ ಕೈಯೋ ಹೋಗಬಹುದು. ಈ ಮಾತನ್ನು ಪ್ರತಿ ತಂಡಕ್ಕೂ ಮೊದಲ ದಿನವೇ ಹೇಳಿ, ಗೋಡೆಯ ಮೇಲೂ ಬರೆಸಿದ್ದೇನೆ.

ರೈಲಿನ ಒತ್ತಡ ಕಡಿಮೆ ಎನ್ನುವ ಪಿ0087 ಕೋಡಿಗೆ ದುಬಾರಿ ಹೈ ಪ್ರೆಶರ್ ಪಂಪನ್ನು ಬಲಿಕೊಡುವುದು ಸಾಮಾನ್ಯ. ನಾವು ಮೊದಲು ಫಿಲ್ಟರ್ ಮತ್ತು ಲೋ ಪ್ರೆಶರ್ ಸಾಲಿನಲ್ಲಿ ಗಾಳಿ ಇದೆಯೇ ಎಂದು ನೋಡುತ್ತೇವೆ, ಆಮೇಲೆ ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಅಳತೆಯ ಸೀಸೆ ಹಚ್ಚಿ ಯಾವುದು ಹೆಚ್ಚು ಡೀಸೆಲ್ ಹಿಂದಕ್ಕೆ ಬಿಡುತ್ತದೆ ಎಂದು ಹೋಲಿಸುತ್ತೇವೆ, ಅನಂತರ ಪ್ರೆಶರ್ ರೆಗ್ಯುಲೇಟರ್. ಪಂಪಿನ ಸರದಿ ಕೊನೆಯದು. ಬಿಎಸ್ 6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಗ್ಗೆ ಒಂದೇ ಮಾತು: ಮಸಿ ಸುಡುವ ರೀಜನರೇಶನ್ನನ್ನು ಸ್ಕ್ಯಾನರಿನಿಂದ ಮತ್ತೆ ಮತ್ತೆ ಮಾಡಿಸುವ ಮೊದಲು ಅದು ತಾನಾಗಿ ಏಕೆ ಆಗುತ್ತಿಲ್ಲ ಎಂಬುದನ್ನು, ಅಂದರೆ ಡಿಫರೆನ್ಶಿಯಲ್ ಪ್ರೆಶರ್ ಸೆನ್ಸರ್, ಅದರ ರಬ್ಬರ್ ಪೈಪುಗಳು, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ಇಜಿಆರ್ ಇವುಗಳನ್ನು ನೋಡಲೇಬೇಕು.

ಎಲೆಕ್ಟ್ರಿಕ್ ಕಾರುಗಳ ಹೈ ವೋಲ್ಟೇಜ್ ಭಾಗವನ್ನು ನಾನು ಕಲಿಸುವುದಿಲ್ಲ. 300 ವೋಲ್ಟ್ ಮೀರಿದ ಬ್ಯಾಟರಿಯ ಹತ್ತಿರ ಹೋಗಲು 1000 ವೋಲ್ಟ್ ತಡೆಯುವ ಕೈಗವಸು, ಅದಕ್ಕೆ ತಕ್ಕ ಮೀಟರ್, ಬ್ಯಾಟರಿಯ ಸರ್ಕಿಟ್ ಕಡಿಯುವ ಸರ್ವಿಸ್ ಪ್ಲಗ್ ತೆಗೆದು ಕಾದು ಸೊನ್ನೆ ವೋಲ್ಟ್ ಖಚಿತಪಡಿಸಿಕೊಳ್ಳುವ ಶಿಸ್ತು, ಇವೆಲ್ಲ ಇರುವ ಕಡೆಯೇ ಅದನ್ನು ಕಲಿಯಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದೆ ಎಂಬುದಷ್ಟೇ ನನ್ನ ಪಾಠ.

ಇಷ್ಟೆಲ್ಲ ಕಲಿತ ಹುಡುಗನಿಗೆ ಅದರಿಂದ ದುಡಿಮೆ ಹೆಚ್ಚದಿದ್ದರೆ ಅವನು ಮತ್ತೆ ಭಾಗ ಬದಲಾಯಿಸುವ ದಾರಿಗೇ ಮರಳುತ್ತಾನೆ, ಅದು ಸಹಜ. ನಮ್ಮಲ್ಲಿ ಗಿರಾಕಿ ಭಾಗಕ್ಕೆ ಹಣ ಕೊಡುತ್ತಾನೆ, ಹುಡುಕಿದ್ದಕ್ಕೆ ಕೊಡಲು ಹಿಂಜರಿಯುತ್ತಾನೆ. ಹಾಗಾಗಿ ಪರೀಕ್ಷೆಯ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆದು, ಅದರ ಕೆಳಗೆ ಅಳೆದ ಜಾಗ, ಬರಬೇಕಾಗಿದ್ದ ಅಂಕಿ, ಬಂದ ಅಂಕಿ ಮೂರನ್ನೂ ಕನ್ನಡದಲ್ಲಿ ನಮೂದಿಸುತ್ತೇವೆ, ಸ್ಕೋಪ್ ಚಿತ್ರವಿದ್ದರೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತೇವೆ. ಓದಿ ನೋಡಿದ ಮೇಲೆ ಶುಲ್ಕಕ್ಕೆ ತಕರಾರು ತೆಗೆಯುವವರು ಅಪರೂಪ. ಹಾಳೆಯ ಪ್ರತಿಯನ್ನು ಆ ಗಾಡಿ ನೋಡಿದ ಹುಡುಗನ ಹೆಸರಿನಲ್ಲಿಯೇ ಫೈಲಿಗೆ ಸೇರಿಸುತ್ತೇವೆ, ಬೇರೆ ಕಡೆ ಕೆಲಸ ಕೇಳಲು ಹೋದಾಗ ಅವರು ಅದನ್ನು ಪ್ರಮಾಣಪತ್ರದ ಜೊತೆಗೆ ಒಯ್ಯುತ್ತಾರೆ.

ಮುಂದಿನ ತಂಡದಿಂದ ಬೈಕ್ ಮೆಕ್ಯಾನಿಕ್‌ಗಳನ್ನೂ ಸೇರಿಸಿಕೊಳ್ಳುತ್ತಿದ್ದೇನೆ. 2025ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನಗಳಿಗೂ, ದೋಷವನ್ನು ಗಾಡಿ ತಾನೇ ಪತ್ತೆಹಚ್ಚಿ ತಿಳಿಸಬೇಕೆನ್ನುವ ಓಬಿಡಿ 2ಬಿ ನಿಯಮ ಬಂದಿದೆ, ಕಾರ್ಬೊರೇಟರ್ ತೊಳೆದು ಬದುಕು ಕಟ್ಟಿಕೊಂಡವರ ಮುಂದೆ ಈಗ ಇಂಜೆಕ್ಟರ್, ಇಸಿಯು (ಬೈಕಿನ ಕಂಟ್ರೋಲ್ ಯೂನಿಟ್), ಆಕ್ಸಿಜನ್ ಸೆನ್ಸರ್ ಇವೆ. ಅವರಿಗಾಗಿ ಒಂದು ಬಿಎಸ್ 6 ಬೈಕಿನ ವೈರಿಂಗ್ ಹಾರ್ನೆಸನ್ನು ಹಲಗೆಯ ಮೇಲೆ ಬಿಡಿಸಿ ಜೋಡಿಸುತ್ತಿದ್ದೇವೆ. ಅಲ್ಲಿಯೂ ಮೊದಲ ಪಾಠ 21 ವಾಟಿನ ಬಲ್ಬಿನದೇ.