ಬಿಡದ ಮುಚ್ಚಳ, ಹಳೇ ಸೈಕಲ್ ಟ್ಯೂಬು

ಹಣ್ಣು ಕೊಯ್ಯೋ ಹೊತ್ತಿಗೆ ಒಂದು ಜೋರು ಮಳೆ ಬಿತ್ತು ಅಂದ್ರೆ ದಾಳಿಂಬೆ ತೋಟದವರ ಮುಖ ಸಪ್ಪಗಾಗುತ್ತೆ. ಒಣಗಿ ನಿಂತಿದ್ದ ಗಿಡ ಒಮ್ಮೆಲೇ ನೀರು ಕುಡಿದು ಹಣ್ಣು ಬಿರಿಯುತ್ತೆ, ಬಿರಿದ ಹಣ್ಣನ್ನು ವ್ಯಾಪಾರಿ ಮುಟ್ಟಲ್ಲ. ಹಿರಿಯೂರು ಕಡೆ ತೋಟ ಮಾಡಿರೋ ನಮ್ಮ ಭಾವ ಅಂಥ ಎರಡು ಕ್ರೇಟ್ ತಂದು ಚಿತ್ರದುರ್ಗದ ನಮ್ಮ ಮನೆ ಜಗಲಿ ಮೇಲಿಳಿಸಿ, "ಏನಾರ ಮಾಡ್ಕಳಪ್ಪ" ಅಂತ ಹೋದರು.

ನಾನು ವಿನೆಗರ್ ಮಾಡೋಕೆ ಕೂತೆ. ಇದರಲ್ಲಿ ಎರಡು ಹಂತ. ಮೊದಲು ಗಾಳಿ ತಾಗದ ಹಾಗೆ ಮುಚ್ಚಿಟ್ಟರೆ ಯೀಸ್ಟ್ ಸಕ್ಕರೆಯನ್ನು ಮದ್ಯ ಮಾಡುತ್ತೆ. ಆಮೇಲೆ ಮುಚ್ಚಳ ತೆಗೆದು ಗಾಳಿಗೆ ಬಿಟ್ಟರೆ ಒಂದು ಜಾತಿಯ ಬ್ಯಾಕ್ಟೀರಿಯಾ ಬಂದು ಆ ಮದ್ಯವನ್ನು ಹುಳಿ ಮಾಡುತ್ತೆ. ಅಂದ್ರೆ ಮುಚ್ಚಳ ಬಿಚ್ಚದೆ ವಿನೆಗರ್ ಇಲ್ಲ.

ಕೊಳೆತದ್ದು ಕತ್ತರಿಸಿ ಎಸೆದು, ಹಿಂಡಿ ಸೋಸಿದರೆ 14 ಲೀಟರ್ ರಸ ಬಂತು. ತಿರುಪಿನ ಮುಚ್ಚಳದ 20 ಲೀಟರ್ ಡ್ರಮ್ಮಿಗೆ ತುಂಬಿ, ಒಳಗಿನ ಗ್ಯಾಸ್ ಹೊರಗೆ ಹೋಗಲಿ, ಹೊರಗಿನ ಗಾಳಿ ಒಳಗೆ ಬರದಿರಲಿ ಅಂತ ಮುಚ್ಚಳದ ತೂತಿನಿಂದ ಒಂದು ಪೈಪು ತೆಗೆದು ನೀರಿನ ಬಾಟಲಿಗೆ ಇಳಿಬಿಟ್ಟೆ. ಮೊದಲ ಮೂರು ದಿನ ನೊರೆ ಉಕ್ಕಿ ಪೈಪಿನೊಳಗೂ ನುಗ್ಗಿತು. ನಾನು ಒರೆಸಲಿಲ್ಲ. ಸೋಮಾರಿತನ, ಇನ್ನೇನಲ್ಲ. ಹನ್ನೆರಡನೇ ದಿನಕ್ಕೆ ಬಾಟಲಿಯ ಗುಳುಗುಳು ನಿಂತಿತು.

ಮಾರನೇ ಬೆಳಗ್ಗೆ ಬಿಚ್ಚೋಕೆ ಹೋದರೆ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಮೊಣಕಾಲ ಸಂದಿಗೆ ಸಿಗಿಸಿಕೊಂಡು, ಟವಲ್ ಹಾಕಿ ತಿರುವಿ, ಅಂಗೈ ಕೆಂಪಾಯಿತು. "ಅಲ್ರೀ, ಬೆಳ್ಬೆಳಗ್ಗೆ ಡ್ರಮ್ ಜೊತೆ ಏನ್ ಕುಸ್ತಿ?" ಅಂತ ನನ್ನಾಕೆ ಬಾಗಿಲಲ್ಲಿ ನಿಂತು ಕೇಳಿದಳು. ಸ್ಕ್ರೂಡ್ರೈವರ್ ತರೋಕೆ ಎದ್ದವನು ಆಗ ಗಮನಿಸಿದೆ: ಮುಚ್ಚಳದ ನಡುಭಾಗ ಊಟದ ತಟ್ಟೆ ಥರ ತಗ್ಗಾಗಿತ್ತು.

ರಾತ್ರಿ ಜೋಗಿಮಟ್ಟಿ ಕಡೆಯ ಗಾಳಿ ಚೆನ್ನಾಗಿ ಬೀಸಿತ್ತು. ಡ್ರಮ್ ಹತ್ತು ಡಿಗ್ರಿ ತಣ್ಣಗಾದರೆ ಒಳಗಿನ ಗಾಳಿ ನೂರಕ್ಕೆ ಮೂರರಷ್ಟು ಕುಗ್ಗುತ್ತೆ. ಸುಮ್ಮನೆ ಮೂರು ಅನಿಸಬಹುದು. 25 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಹತ್ತಿರಹತ್ತಿರ 15 ಕಿಲೋ ಭಾರ ಕೂತ ಹಾಗೆ. ಪೈಪು ಸರಿಯಿದ್ದಿದ್ದರೆ ಬಾಟಲಿ ನೀರನ್ನಾದರೂ ಎಳೆದುಕೊಳ್ಳುತ್ತಿತ್ತು. ಬುಡದಿಂದ ಪೈಪು ಕಿತ್ತೆ. "ಸುಂಯ್" ಅಂತ ಗಾಳಿ ಒಳಗೆ ಹೋಗಿ, ಮುಚ್ಚಳ "ಟಕ್" ಅಂತ ಮೇಲೆದ್ದಿತು. ಪೈಪಿನ ಬಾಯಲ್ಲಿ ಹಣ್ಣಿನ ತಿರುಳು ಹುಣಸೆಹಣ್ಣಿನ ಹಾಗೆ ಒಣಗಿ ಗಟ್ಟಿಯಾಗಿ ಕೂತಿತ್ತು.

ನಿಮ್ಮ ಮುಚ್ಚಳ ತಗ್ಗಾಗದೆ ಉಬ್ಬಿದ್ದರೆ ಕಥೆಯೇ ಬೇರೆ. ನನ್ನ ರಸದಲ್ಲಿ ಸುಮಾರು 2 ಕಿಲೋ ಸಕ್ಕರೆ ಇತ್ತು, ಅದು ಪೂರ್ತಿ ಹುದುಗಿದರೆ 500 ಲೀಟರಿಗೂ ಮೇಲೆ ಗ್ಯಾಸ್ ಬಿಡುತ್ತೆ. ಅದಕ್ಕೆ ದಾರಿ ಕಟ್ಟಿದಾಗ ಮುಚ್ಚಳ ತಿರುವೋಕೆ ಹೋಗಬೇಡಿ. ಮುಖ ದೂರ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಪೈಪನ್ನು ನಿಧಾನಕ್ಕೆ ಸಡಿಲಿಸಿ.

ಗಾಳಿ ಒಳಗೆ ಹೋದ ಮೇಲೂ ನನ್ನ ಮುಚ್ಚಳ ಬಿಡಲಿಲ್ಲ. ಉಕ್ಕಿದ ರಸ ತಿರುಪಿನ ಸಂದಿಯಲ್ಲಿ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಪಾಕ ತಾನೆ, ಬಿಸಿನೀರಿಗೆ ಕರಗಲೇಬೇಕು. ಟವಲ್ಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಅಂಚಿಗೆ ಸುತ್ತಿ ಹತ್ತು ನಿಮಿಷ ಬಿಟ್ಟೆ, ಆರಿದ ಮೇಲೆ ಇನ್ನೊಂದು ಸಲ. ಕುದಿಯೋ ನೀರು ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಸ್ಕ್ರೂಡ್ರೈವರ್ ಹಾಕದಿದ್ದದ್ದೂ ಒಳ್ಳೇದೇ ಆಯ್ತು. ಗೀರು ಬಿದ್ದ ಕಡೆ ಕೊಳೆ ಕೂತರೆ ಎಷ್ಟು ತೊಳೆದರೂ ಹೋಗಲ್ಲ.

ಆಮೇಲೆ ಬೀದಿ ಕೊನೆಯ ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬು ತಂದೆ. ಉದ್ದಕ್ಕೆ ಕತ್ತರಿಸಿ, ಮುಚ್ಚಳದ ಸುತ್ತ ಬಿಗಿಯಾಗಿ ಎರಡು ಸುತ್ತು ಸುತ್ತಿದೆ. ಉಳಿದ ತುದಿಯನ್ನು ಲಟ್ಟಣಿಗೆಗೆ ಕಟ್ಟಿ ಹಿಡಿಕೆ ಮಾಡಿಕೊಂಡೆ. ಸುತ್ತುವಾಗ ಒಂದು ಲೆಕ್ಕ ಇದೆ: ತುದಿ ಎಳೆದರೆ ಮುಚ್ಚಳ ಬಿಚ್ಚೋ ಕಡೆಗೇ ತಿರುಗಬೇಕು. ಮೊದಲ ಸಲ ನಾನು ಉಲ್ಟಾ ಸುತ್ತಿ ಇನ್ನಷ್ಟು ಬಿಗಿ ಮಾಡಿದ್ದೆ. ನನ್ನಾಕೆ ಡ್ರಮ್ ತಬ್ಬಿ ಹಿಡಿದಳು, ನಾನು ಒಮ್ಮೆಲೇ ಜಗ್ಗದೆ ಒಂದೇ ಸಮನೆ ಎಳೆದೆ. "ಕರ್ರ್" ಅಂತ ಬೆರಳಗಲ ತಿರುಗಿತು. ಅಲ್ಲಿಂದಾಚೆಗೆ ಕೈಯೇ ಸಾಕಾಯಿತು.

ಈಗ ನೊರೆ ಉಕ್ಕಿದ ದಿನವೇ ಅಂಚು ಒರೆಸುತ್ತೇನೆ, ದಪ್ಪ ಪೈಪು ಹಾಕುತ್ತೇನೆ, ತಿರುಪಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತೇನೆ. ಡ್ರಮ್ ಬಾಯಿಗೆ ಅವತ್ತೇ ಹಳೇ ಪಂಚೆ ತುಂಡು ಹೊದಿಸಿದೆ. ಕಟ್ಟೋಕೆ ದಾರ ಸಿಗಲಿಲ್ಲ, ಅದೇ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಬಿಗಿದೆ.